ಸುಣ್ಣದ ಗೆರೆಗೂ ಒಂದು ಲೆಕ್ಕವಿದೆ

ಮಳೆ ಬಿಟ್ಟು ಮೈದಾನ ಒಣಗುತ್ತಿದೆ. ಇನ್ನು ಸ್ವಲ್ಪ ದಿನಗಳಲ್ಲಿ ನಮ್ಮ ಕಾಲೇಜಿನ ವಾರ್ಷಿಕ ಕ್ರೀಡಾಕೂಟ. ಪಥಸಂಚಲನಕ್ಕೆ ಯಾರು, ಸ್ವಾಗತಕ್ಕೆ ಯಾರು, ಊಟದ ವ್ಯವಸ್ಥೆಗೆ ಯಾರು ಎಂಬ ಪಟ್ಟಿಗಳು ಈಗಲೇ ತಯಾರಾಗುತ್ತಿವೆ. ಈ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಒಂದು ಕೆಲಸದ ಬಗ್ಗೆ ಬರೆಯುತ್ತಿದ್ದೇನೆ. ಓಟದ ತಿರುವಿನಲ್ಲಿ ನಿಂತು, ಯಾರು ತಮ್ಮ ಲೇನಿನಲ್ಲಿ ಓಡಿದರು, ಯಾರು ಓಡಲಿಲ್ಲ ಎಂದು ನೋಡಿ ಬರೆದುಕೊಳ್ಳುವ ಕೆಲಸ ಅದು. ಲೇನ್ ನಿಯಮವನ್ನು ಪಾಲಿಸದೆ ನಡೆಸಿದ ಓಟಕ್ಕೆ ಪದಕ ಕೊಡಬಾರದು ಎಂಬುದು ನನ್ನ ಅಭಿಪ್ರಾಯ. ಕಾರಣ ಹೇಳುತ್ತೇನೆ.

ನಮ್ಮ ಕಡೆ ಕಬಡ್ಡಿ ಎಂದರೆ ಎಲ್ಲರಿಗೂ ಜೀವ. ಹೊನಲು ಬೆಳಕಿನ ಪಂದ್ಯಾಟಕ್ಕೆ ಊರಿಗೆ ಊರೇ ಸೇರುತ್ತದೆ. ಅಲ್ಲಿ ಸೆಣಸಾಟ ಶುರುವಾಗುವ ಮೊದಲೇ ರೈಡರ್ ಲಾಬಿಗೆ ಕಾಲಿಟ್ಟರೆ ಔಟ್. ಅಂಪೈರ್ ಶಿಳ್ಳೆ ಊದುವ ಮೊದಲೇ ನೂರು ಜನ ಪ್ರೇಕ್ಷಕರು ಕೂಗುತ್ತಾರೆ. 'ಹೋಗಲಿ, ಒಂದು ಕಾಲು ತಾನೇ' ಎಂದು ಯಾರೂ ಹೇಳುವುದಿಲ್ಲ. ಕಂಬಳದಲ್ಲಂತೂ ಈ ತಕರಾರೇ ಇಲ್ಲ. ಪುತ್ತೂರಿನ ಕೋಟಿ ಚೆನ್ನಯ ಕಂಬಳ ನೋಡಿದವರಿಗೆ ಗೊತ್ತು, ಅದು ಜೋಡುಕರೆ. ಎರಡು ಜೊತೆ ಕೋಣಗಳಿಗೆ ಎರಡು ಪ್ರತ್ಯೇಕ ಕರೆ, ಅದೂ ನೇರ ಓಟ. ಆದರೆ ಕಾಲೇಜಿನ ಓಟದಲ್ಲಿ ಒಂದು ಲೇನಿಗೂ ಇನ್ನೊಂದಕ್ಕೂ ಮಧ್ಯೆ ಇರುವುದು ಸುಣ್ಣದ ಪುಡಿಯ ಗೆರೆ ಮಾತ್ರ. ಬೆಳಗ್ಗೆ ಹಾಕಿದ್ದು ನಾಲ್ಕನೇ ಓಟಕ್ಕೆ ಕಾಲಿಗೆ ಸಿಕ್ಕಿ ಅಳಿಸಿಹೋಗುತ್ತದೆ. ಗೆರೆ ಅಳಿಸಿದ ಮೇಲೆ ನಿಯಮವೂ ಅಳಿಸಿದಂತೆ ನಾವು ವರ್ತಿಸುತ್ತೇವೆ.

ಮೊದಲು ಲೆಕ್ಕ ನೋಡೋಣ. ನಾನು ವಾಣಿಜ್ಯ ವಿಭಾಗದವಳು, ಲೆಕ್ಕ ತಾಳೆಯಾಗದಿದ್ದರೆ ನಿದ್ದೆ ಬರುವುದಿಲ್ಲ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಒಂದು ಲೇನಿನ ಅಗಲ 1.22 ಮೀಟರ್, ಗೆರೆಯ ದಪ್ಪ 5 ಸೆಂಟಿಮೀಟರ್. ನೇರ ಓಟದಲ್ಲಿ ಯಾವ ಲೇನ್ ಆದರೂ ದೂರ ಒಂದೇ. ತಿರುವಿನಲ್ಲಿ ಹಾಗಲ್ಲ. ಹೊರಗಿನ ಲೇನಿನವರು ದೊಡ್ಡ ವೃತ್ತದಲ್ಲಿ ಓಡಬೇಕು, ಒಳಗಿನವರು ಸಣ್ಣ ವೃತ್ತದಲ್ಲಿ. ಇದನ್ನು ಸರಿದೂಗಿಸಲು ಹೊರಗಿನವರನ್ನು ಮುಂದೆ ನಿಲ್ಲಿಸುತ್ತಾರೆ. ಇದಕ್ಕೆ ಸ್ಟ್ಯಾಗರ್ ಎನ್ನುತ್ತಾರೆ. ಮಂಗಳೂರಿನ ಮಂಗಳಾ ಕ್ರೀಡಾಂಗಣದಲ್ಲೋ ಮೂಡುಬಿದಿರೆಯ ಸ್ವರಾಜ್ ಮೈದಾನದಲ್ಲೋ 400 ಮೀಟರ್ ಓಟ ನೋಡಿ. ಎಂಟನೇ ಲೇನಿನವರು ಒಂದನೇ ಲೇನಿನವರಿಗಿಂತ ಸುಮಾರು 53 ಮೀಟರ್ ಮುಂದೆ ನಿಂತಿರುತ್ತಾರೆ. ಮೊದಲ ಸಲ ನೋಡುವವರಿಗೆ ಅನ್ಯಾಯ ಅನಿಸುತ್ತದೆ. ಆದರೆ ಗುರಿ ಮುಟ್ಟುವಾಗ ಎಂಟೂ ಜನ ಓಡಿದ್ದು ಸರಿಯಾಗಿ 400 ಮೀಟರ್.

ಈ ಲೆಕ್ಕ ನಿಲ್ಲುವುದು ಒಂದೇ ಷರತ್ತಿನ ಮೇಲೆ: ಪ್ರತಿಯೊಬ್ಬರೂ ಕೊನೆಯ ತನಕ ತಮ್ಮ ಲೇನಿನಲ್ಲೇ ಇರಬೇಕು. ಒಬ್ಬರು ತಿರುವಿನಲ್ಲಿ ಒಳಗೆ ಸರಿದರೆ ಅವರ ಮಟ್ಟಿಗೆ ಓಟ ಗಿಡ್ಡವಾಯಿತು. ಅರ್ಧವೃತ್ತದ ತಿರುವಿನುದ್ದಕ್ಕೂ ಬರೀ 10 ಸೆಂಟಿಮೀಟರ್ ಒಳಗೆ ಓಡಿದರೆ ಉಳಿಯುವ ದೂರ 10ನ್ನು 3.14ರಿಂದ ಗುಣಿಸಿದಷ್ಟು, ಅಂದರೆ ಸುಮಾರು 31 ಸೆಂಟಿಮೀಟರ್. ಇಷ್ಟಕ್ಕೆ ಏನಾಗುತ್ತದೆ ಎನ್ನುವವರು 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ನೆನಪಿಸಿಕೊಳ್ಳಲಿ. 400 ಮೀಟರ್ ಹರ್ಡಲ್ಸ್‌ನಲ್ಲಿ ಪಿ.ಟಿ. ಉಷಾ 55.42 ಸೆಕೆಂಡಿನಲ್ಲಿ ಬಂದರು. ಮೂರನೆಯವರಾಗಿ ಕಂಚು ಗೆದ್ದವರ ಸಮಯ 55.41. ಆ ವೇಗದಲ್ಲಿ ಸೆಕೆಂಡಿನ ನೂರನೇ ಒಂದು ಭಾಗ ಎಂದರೆ ಸುಮಾರು 7 ಸೆಂಟಿಮೀಟರ್, ನನ್ನ ಕೈಬೆರಳಿನಷ್ಟು ಉದ್ದ. ದೇಶದ ಒಂದು ಪದಕ ಬೆರಳಿನ ಉದ್ದದಲ್ಲಿ ತಪ್ಪಿಹೋಗುವಾಗ 31 ಸೆಂಟಿಮೀಟರ್ ಸಣ್ಣದೆಂದು ಹೇಳುವುದು ಹೇಗೆ?

ಈಗ ನಮ್ಮ ಊರಿನ ಮಾತಿಗೆ ಬರುತ್ತೇನೆ. ಸುಬ್ರಹ್ಮಣ್ಯ, ಕಡಬ, ಸುಳ್ಯ ಕಡೆ ಗುಡ್ಡ ಕಡಿದು ಸಮತಟ್ಟು ಮಾಡಿದ ಮೈದಾನಗಳೇ ಹೆಚ್ಚು. 400 ಮೀಟರಿನ ಟ್ರ್ಯಾಕ್ ಹಿಡಿಸುವಷ್ಟು ಜಾಗ ಎಲ್ಲ ಕಡೆ ಎಲ್ಲಿದೆ? ಅನೇಕ ಕಡೆ 200 ಮೀಟರಿನ ಟ್ರ್ಯಾಕ್ ಹಾಕುತ್ತಾರೆ. ಅದು ತಪ್ಪಲ್ಲ. ಆದರೆ ಅದಕ್ಕೆ ಬೇರೆ ಲೆಕ್ಕ ಬೇಕು. ಒಂದು ಸುತ್ತಿಗೆ ಕೊಡಬೇಕಾದ ಸ್ಟ್ಯಾಗರ್ ಟ್ರ್ಯಾಕ್ ದೊಡ್ಡದೋ ಸಣ್ಣದೋ ಎಂಬುದರ ಮೇಲೆ ನಿಂತಿಲ್ಲ, ಲೇನಿನ ಅಗಲದ ಮೇಲೆ ನಿಂತಿದೆ. ಒಳ ಅಂಚಿಗೆ ಕಟ್ಟೆ ಇಲ್ಲದೆ ಬರೀ ಗೆರೆ ಎಳೆದ ಮೈದಾನದಲ್ಲಿ, ಲೇನ್ 1.22 ಮೀಟರ್ ಇದ್ದರೆ, ಸುತ್ತಿಗೆ ಒಂದೊಂದು ಲೇನಿಗೆ 7.67 ಮೀಟರ್. ಹಾಗಾಗಿ 200 ಮೀಟರಿನ ಟ್ರ್ಯಾಕಿನಲ್ಲಿ 400 ಮೀಟರ್ ಓಟವನ್ನು ಪೂರ್ತಿ ಲೇನಿನಲ್ಲೇ ಓಡಿಸುವುದಾದರೆ ಎರಡು ಸುತ್ತು, ಸ್ಟ್ಯಾಗರೂ ಎರಡರಷ್ಟು, 15.33 ಮೀಟರ್. ಪುಸ್ತಕದಲ್ಲಿರುವ 400 ಮೀಟರ್ ಟ್ರ್ಯಾಕಿನ ಕೋಷ್ಟಕವನ್ನು ಹಾಗೆಯೇ ಇಳಿಸಿಕೊಂಡರೆ ಆರನೇ ಲೇನಿನವರು ಯಾರದೋ ಲೆಕ್ಕದ ತಪ್ಪಿಗೆ 38 ಮೀಟರ್ ಹೆಚ್ಚು ಓಡಬೇಕಾಗುತ್ತದೆ. ಲೇನನ್ನು ಒಂದೇ ಮೀಟರಿಗೆ ಇಳಿಸಿದ್ದರೆ ಸುತ್ತಿಗೆ 6.28 ಮೀಟರ್ ಸಾಕು. ಇದು ಎಸ್ಸೆಸ್ಸೆಲ್ಸಿಯ ವೃತ್ತದ ಪಾಠ, ಇದಕ್ಕೆ ದೊಡ್ಡ ಕ್ರೀಡಾಂಗಣ ಬೇಕಿಲ್ಲ.

ಕಳೆದ ವರ್ಷ ನಾವು ಹೋದ ಒಂದು ಕೂಟದಲ್ಲಿ ನಡೆದದ್ದನ್ನು ಹೇಳಬೇಕು. ಯಾವ ಕೂಟ, ಯಾರ ಆತಿಥ್ಯ ಎಂಬುದು ಇಲ್ಲಿ ಬೇಡ. ಹುಡುಗಿಯರ 200 ಮೀಟರ್ ಓಟ, 200 ಮೀಟರಿನ ಟ್ರ್ಯಾಕ್. ನನ್ನ ಗೆಳತಿಗೆ ಐದನೇ ಲೇನ್. ಎರಡನೇ ತಿರುವಿನಲ್ಲಿ ಗೆರೆಯೇ ಕಾಣುತ್ತಿರಲಿಲ್ಲ, ಅಂಪೈರೂ ಇರಲಿಲ್ಲ. ನಾಲ್ಕನೇ ಲೇನಿನ ಓಟಗಾರ್ತಿ ತಿರುವಿನ ಆರಂಭದಲ್ಲೇ ಎರಡನೇ ಲೇನಿಗೆ ಇಳಿದು ಓಡಿ ಎರಡನೆಯವಳಾದಳು. ಗೆಳತಿ ಅಂದಾಜಿನ ಮೇಲೆ ತನ್ನ ಲೇನಿನಲ್ಲೇ ಓಡಿ ಮೂರನೆಯವಳಾದಳು. ಮುಂದಿನ ಹಂತಕ್ಕೆ ಇಬ್ಬರು ಮಾತ್ರ. ಮನೆಗೆ ಬಂದು ಲೆಕ್ಕ ಹಾಕಿದೆ. ಆ ಒಂದು ತಿರುವಿನಲ್ಲಿ ಎರಡು ಲೇನ್ ಒಳಗೆ ಓಡಿದರೆ ಉಳಿಯುವುದು ಸುಮಾರು ಏಳೂವರೆ ಮೀಟರ್. ನಮ್ಮ ಮಟ್ಟದ ಓಟದಲ್ಲಿ ಅದು ಒಂದು ಸೆಕೆಂಡಿಗಿಂತ ಹೆಚ್ಚು. ಗೆಳತಿ ಹಿಂದೆ ಬಿದ್ದದ್ದು ಎರಡು ಹೆಜ್ಜೆ.

ಕೇಳಲು ಹೋದಾಗ ಸಿಕ್ಕಿದ ಉತ್ತರ, 'ಎಲ್ಲರೂ ಹಾಗೆಯೇ ಓಡುವುದಮ್ಮಾ, ಬಿಡಿ.' ಆಯಿತು ಎಂದುಕೊಂಡೆವು. ಆದರೆ ಮಧ್ಯಾಹ್ನ ಹುಡುಗರ 400 ಮೀಟರ್ ಓಟದಲ್ಲಿ ಗೆರೆ ತುಳಿದನೆಂದು ಒಬ್ಬ ಹುಡುಗನನ್ನು ಹೊರಗೆ ಹಾಕಿದರು. ಬೇರೆ ತಂಡದ ಜೊತೆ ಬಂದ ಹಿರಿಯರೊಬ್ಬರು ಮೇಜಿನ ಬಳಿ ಹೋಗಿ ಜೋರಾಗಿ ಮಾತಾಡಿದ್ದರು. ಬೆಳಗ್ಗೆ ಇಲ್ಲದ ನಿಯಮ ಮಧ್ಯಾಹ್ನ ಎಲ್ಲಿಂದ ಬಂತು? ಆ ಹುಡುಗ ನಮ್ಮ ಕಾಲೇಜಿನವನಲ್ಲ. ಆದರೂ ನನಗೆ ಗೆಳತಿಯಷ್ಟೇ ಅವನ ಬಗ್ಗೆಯೂ ಬೇಸರವಾಯಿತು. ನಿಯಮ ಎಲ್ಲರಿಗೂ ಇದ್ದಿದ್ದರೆ ಅವನು ಹೊರಗೆ ಹೋದದ್ದು ಸರಿ. ಯಾರಿಗೂ ಇಲ್ಲದಿದ್ದರೆ ಅವನೊಬ್ಬನಿಗೆ ಏಕೆ? ಜೋರಾಗಿ ಮಾತಾಡುವವರು ಇದ್ದವರಿಗೆ ಮಾತ್ರ ನಿಯಮ ಸಿಗುವುದಾದರೆ, ಬಸ್ಸಿನಲ್ಲಿ ಒಬ್ಬಳೇ ಬಂದು ಓಡಿ ಹೋಗುವ ಹುಡುಗಿಗೆ ಸಿಗುವುದೇನು?

ದೊಡ್ಡ ಕೂಟಗಳಲ್ಲಿ ನಿಯಮ ಮುಖ ನೋಡುವುದಿಲ್ಲ. 1986ರ ಸಿಯೋಲ್ ಏಷ್ಯನ್ ಕ್ರೀಡಾಕೂಟದಲ್ಲಿ ನಮ್ಮ ಶೈನಿ ಅಬ್ರಹಾಂ 800 ಮೀಟರ್ ಓಟದಲ್ಲಿ ಎಲ್ಲರಿಗಿಂತ ಮುಂದಿದ್ದರು. ಹಿಂದಿನ ವರ್ಷವಷ್ಟೇ ಜಕಾರ್ತದಲ್ಲಿ ಇದೇ ಓಟದಲ್ಲಿ ಏಷ್ಯನ್ ಚಾಂಪಿಯನ್ ಆದವರು. 800 ಮೀಟರಿನಲ್ಲಿ ಮೊದಲ ತಿರುವು ಮುಗಿಯುವ ತನಕ ಲೇನಿನಲ್ಲೇ ಓಡಬೇಕು, ಅಲ್ಲಿ ಎಳೆದಿರುವ ಗೆರೆ ದಾಟಿದ ಮೇಲಷ್ಟೇ ಒಳಗೆ ಬರಬಹುದು. ಶೈನಿ ಅದಕ್ಕೆ ಮೊದಲೇ ಒಳಗೆ ಬಂದರೆಂದು ಅವರನ್ನು ಅನರ್ಹಗೊಳಿಸಿದರು. ಚಿನ್ನ ಹೋಯಿತು. ಅದೇ ಕೂಟದಲ್ಲಿ ಅವರು 400 ಮೀಟರಿನಲ್ಲಿ ಬೆಳ್ಳಿ ಗೆದ್ದರು, ರಿಲೇ ಚಿನ್ನದ ತಂಡದಲ್ಲಿದ್ದರು, 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಭಾರತದ ಧ್ವಜ ಹಿಡಿದರು. ಅನರ್ಹತೆ ಒಂದು ಓಟಕ್ಕೆ ಸಂಬಂಧಿಸಿದ್ದು, ಅದು ಯಾರ ಹಣೆಬರಹವೂ ಅಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

2018ರ ಜಕಾರ್ತ ಏಷ್ಯನ್ ಕೂಟದಲ್ಲಿ ತಮಿಳುನಾಡಿನ ಜಿ. ಲಕ್ಷ್ಮಣನ್ 10,000 ಮೀಟರಿನಲ್ಲಿ ಮೂರನೆಯವರಾಗಿ ಬಂದರು. ಅಷ್ಟು ದೂರದ ಓಟದಲ್ಲಿ ಕಾಲು ಟ್ರ್ಯಾಕಿನಿಂದ ಹೊರಗೆ ಹೋಯಿತೆಂದು ಕಂಚು ಕೈತಪ್ಪಿತು. ಭಾರತ ಮನವಿ ಸಲ್ಲಿಸಿದರೂ ಫಲ ಸಿಗಲಿಲ್ಲ. ಐದು ವರ್ಷದ ನಂತರ ಹಾಂಗ್‌ಝೌನಲ್ಲಿ ಇದೇ ನಿಯಮ ನಮ್ಮ ಪರವಾಗಿ ನಿಂತಿತು. 4x400 ಮೀಟರ್ ಮಿಶ್ರ ರಿಲೇಯಲ್ಲಿ ಭಾರತ ಮೂರನೆಯದಾಗಿ ಬಂದಿತ್ತು. ಎರಡನೆಯದಾದ ಶ್ರೀಲಂಕಾ ತಂಡ ಲೇನ್ ನಿಯಮ ಮುರಿದದ್ದಕ್ಕೆ ಅನರ್ಹವಾಗಿ ನಮಗೆ ಬೆಳ್ಳಿ ಬಂತು. ಪದಕ ಹೋದಾಗ ನಿಯಮ ಕ್ರೂರ, ಪದಕ ಬಂದಾಗ ನಿಯಮ ಸರಿ ಎನ್ನುವುದು ನ್ಯಾಯವಲ್ಲ. ಎರಡೂ ದಿನ ಗೆರೆ ಒಂದೇ ಆಗಿತ್ತು.

ಆ ನಿಯಮಕ್ಕೆ ದಯೆಯೂ ಇದೆ, ಅದು ಬಹಳ ಜನರಿಗೆ ಗೊತ್ತಿಲ್ಲ. ನೇರ ದಾರಿಯಲ್ಲಿ ಕಾಲು ಆಚೆ ಬಿದ್ದು, ಅದರಿಂದ ಲಾಭವೂ ಆಗದೆ ಬೇರೆಯವರಿಗೆ ಅಡ್ಡಿಯೂ ಆಗದಿದ್ದರೆ ಅನರ್ಹತೆ ಇಲ್ಲ. ಬೇರೆಯವರು ತಳ್ಳಿದ್ದರಿಂದ ಹೊರಗೆ ಹೋದವರು ಲಾಭ ಪಡೆಯದಿದ್ದರೆ ಅವರಿಗೂ ಶಿಕ್ಷೆ ಇಲ್ಲ. 2021ರ ನವೆಂಬರಿನಿಂದ ಇನ್ನೊಂದು ಬದಲಾವಣೆ ಬಂದಿದೆ. ಲೇನಿನ ಓಟದಲ್ಲಿ, ತಿರುವಿನಲ್ಲಿ ಎಡಗಡೆಯ ಗೆರೆಗೆ ಒಂದು ಸಲ ಕಾಲು ತಾಗಿದರೆ ತಕ್ಷಣ ಹೊರಗೆ ಹಾಕುವುದಿಲ್ಲ. ಬರೆದುಕೊಳ್ಳುತ್ತಾರೆ, ಹೆಸರಿನ ಮುಂದೆ ಎಲ್ ಎಂಬ ಅಕ್ಷರ ಹಾಕುತ್ತಾರೆ. ಅದೇ ಸ್ಪರ್ಧೆಯಲ್ಲಿ ಇನ್ನೊಂದು ಸಲ ಹಾಗಾದರೆ, ಅದು ಮುಂದಿನ ಸುತ್ತಿನಲ್ಲಾದರೂ ಸರಿ, ಅನರ್ಹ. ಹಳೆಯ ಪುಟದ ಬಾಕಿ ಹೊಸ ಪುಟಕ್ಕೆ ಬರುವ ಹಾಗೆ. ಆದರೆ ಗಮನಿಸಿ, ಈ ರಿಯಾಯಿತಿ ಕೂಡ ಬರೆದಿಟ್ಟ ನಿಯಮವೇ. ಎಲ್ಲರಿಗೂ ಒಂದೇ ಅಳತೆಯದು. 'ಬಿಡಿ' ಎಂಬ ಬಾಯಿಮಾತಿನ ರಿಯಾಯಿತಿ ಅಲ್ಲ.

ನಮ್ಮ ಮನೆಯ ಮಾತು ಉರ್ದು. ತರಗತಿಯಲ್ಲಿ ಕನ್ನಡ, ತುಳು, ಬ್ಯಾರಿ, ಮಲಯಾಳಂ ಎಲ್ಲವೂ ಕಿವಿಗೆ ಬೀಳುತ್ತವೆ. ದಾದಿ ಆಗಾಗ ಹೇಳುವ ಎರಡು ಮಾತು ಹಕ್ ಮತ್ತು ಹದ್. ಹಕ್ ಎಂದರೆ ನಿನಗೆ ಸಲ್ಲಬೇಕಾದದ್ದು. ಹದ್ ಎಂದರೆ ನೀನು ನಿಲ್ಲಬೇಕಾದ ಜಾಗ. ಎರಡೂ ಕನ್ನಡಕ್ಕೂ ಬಂದಿವೆ. ಹಕ್ಕು ಎಂಬುದು ದಿನಬಳಕೆಯ ಮಾತು, ಹದ್ದುಬಸ್ತು ಎಂಬುದು ಜಮೀನಿನ ಅಳತೆಯ ಮಾತು. ಅಡಿಕೆ ತೋಟ ಇರುವ ಮನೆಯ ಮಕ್ಕಳಿಗೆ ಹದ್ದುಬಸ್ತು ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಸರ್ವೆಯವರು ಬಂದು ಗಡಿ ಗುರುತಿಸಿದರೆ ನನ್ನ ತೋಟಕ್ಕೂ ರಕ್ಷಣೆ, ಪಕ್ಕದವರ ತೋಟಕ್ಕೂ ರಕ್ಷಣೆ. ಲೇನೂ ಹಾಗೆಯೇ. ನಿಯಮದಲ್ಲಿ ಒಂದು ವಿವರ ಇದೆ: ಬಲಗಡೆಯ ಗೆರೆ ನಿಮ್ಮ ಲೇನಿಗೆ ಸೇರಿದ್ದು, ಎಡಗಡೆಯದು ಪಕ್ಕದವರದು. ಹಾಗಾಗಿ ಎಡಗೆರೆ ತುಳಿಯುವವರು ತುಳಿಯುವುದು ಬರೀ ಸುಣ್ಣವನ್ನಲ್ಲ, ಇನ್ನೊಬ್ಬರ ಜಾಗವನ್ನು.

ಇದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತು. ಇದು ಕಾಲೇಜು ಮಟ್ಟದ ಕೂಟ, ಒಲಿಂಪಿಕ್ಸ್ ಅಲ್ಲ, ಖುಷಿಗೆ ಓಡುವುದು ಎನ್ನುತ್ತಾರೆ. ಖುಷಿಗೆ ಓಡುವ ಓಟಗಳು ಬೇರೆ ಇವೆ, ನಿಂಬೆಹಣ್ಣು ಚಮಚದ ಓಟ, ಗೋಣಿಚೀಲದ ಓಟ. ಆದರೆ 200, 400 ಮೀಟರ್ ಓಟದ ಫಲಿತಾಂಶದ ಮೇಲೆ ತಂಡದ ಆಯ್ಕೆ ನಡೆಯುತ್ತದೆ, ಪ್ರಮಾಣಪತ್ರ ಸಿಗುತ್ತದೆ, ಮುಂದೆ ಕ್ರೀಡಾ ಕೋಟಾದಲ್ಲಿ ಸೀಟು ಕೇಳುವಾಗ ಆ ಕಾಗದ ಮೇಜಿನ ಮೇಲೆ ಬರುತ್ತದೆ. ಅದರ ಮೇಲೆ ಒಬ್ಬರ ಮುಂದಿನ ದಾರಿ ನಿಂತಿರುವಾಗ ಖುಷಿಯ ಮಾತು ಸಾಲದು.

ಮಕ್ಕಳನ್ನು ಅನರ್ಹಗೊಳಿಸಿದರೆ ಅವರ ಉತ್ಸಾಹ ಕುಂದುತ್ತದೆ ಎನ್ನುವವರೂ ಇದ್ದಾರೆ. ನಿಜ, ಬೇಸರವಾಗುತ್ತದೆ. ಆದರೆ ನಿಯಮ ಪಾಲಿಸಿ ಸೋತವರ ಉತ್ಸಾಹವನ್ನು ಯಾರು ಲೆಕ್ಕ ಹಾಕುತ್ತಾರೆ? ನನ್ನ ಗೆಳತಿ ಆಮೇಲೆ ಓಟಕ್ಕೆ ಹೆಸರು ಕೊಡಲಿಲ್ಲ. ಅವಳ ಹೆಸರು ಯಾವ ಅನರ್ಹತೆಯ ಪಟ್ಟಿಯಲ್ಲೂ ಇಲ್ಲ.

ಮೂರನೆಯ ಆಕ್ಷೇಪ ಸೌಲಭ್ಯದ್ದು. ಸಿಂಥೆಟಿಕ್ ಟ್ರ್ಯಾಕ್ ಇಲ್ಲ, ಕ್ಯಾಮೆರಾ ಇಲ್ಲ, ಸಿಬ್ಬಂದಿ ಇಲ್ಲ. ಒಪ್ಪುತ್ತೇನೆ. ಆದರೆ ಇದಕ್ಕೆ ಬೇಕಾದದ್ದು ಸುಣ್ಣದ ಪುಡಿ, ಹಗ್ಗ, ಗೂಟ, ಅಳತೆಯ ಟೇಪು, ಹಳದಿ ಬಟ್ಟೆಯ ತುಂಡುಗಳು, ಪೆನ್ನು, ಕಾಗದ. ಇವೆಲ್ಲ ನಮ್ಮಲ್ಲಿ ಇವೆ. ನಮ್ಮ ದೈಹಿಕ ಶಿಕ್ಷಣ ಉಪನ್ಯಾಸಕರು ಒಬ್ಬರೇ ಗೆರೆ ಎಳೆದು, ಶಿಳ್ಳೆ ಊದಿ, ಸಮಯ ನೋಡಿ, ಮೈಕಿನಲ್ಲಿ ಹೆಸರು ಕೂಗಿ, ತಿರುವಿನಲ್ಲೂ ನಿಲ್ಲಬೇಕೆಂದರೆ ಆಗುವುದಿಲ್ಲ. ಈ ಕೆಲಸ ನಾವು ವಿದ್ಯಾರ್ಥಿಗಳು ಹಂಚಿಕೊಳ್ಳಬೇಕು.

ಈ ಸಲದ ಕೂಟಕ್ಕೆ ನನ್ನ ಸಲಹೆಗಳು ಹೀಗಿವೆ. ಮೊದಲನೆಯದಾಗಿ, 200, 400 ಮತ್ತು ರಿಲೇ ಓಟಗಳ ಮೊದಲು ತಿರುವುಗಳ ಗೆರೆಯನ್ನು ಹೊಸದಾಗಿ ಎಳೆಯಬೇಕು. ಸ್ಟ್ಯಾಗರ್ ಅಳತೆಯನ್ನು ಹಿಂದಿನ ದಿನವೇ ಇಬ್ಬರು ಬೇರೆ ಬೇರೆಯಾಗಿ ಲೆಕ್ಕ ಹಾಕಿ ತಾಳೆ ನೋಡಬೇಕು. ಈ ಕೆಲಸಕ್ಕೆ ವಾಣಿಜ್ಯ ಮತ್ತು ವಿಜ್ಞಾನ ವಿಭಾಗದಿಂದ ಒಬ್ಬೊಬ್ಬರು ಸಾಕು. ಎರಡನೆಯದಾಗಿ, ಲೇನ್ ಹಂಚಿಕೆ ಎಲ್ಲರ ಎದುರು ಚೀಟಿ ಎತ್ತಿ ಆಗಬೇಕು. ಮೂರನೆಯದಾಗಿ, ಪ್ರತಿ ತಿರುವಿನಲ್ಲಿ ಇಬ್ಬರು ವಿದ್ಯಾರ್ಥಿಗಳು ಹಳದಿ ಬಾವುಟ ಹಿಡಿದು ನಿಲ್ಲಬೇಕು. ತಪ್ಪು ಕಂಡರೆ ಬಾವುಟ ಎತ್ತಿ, ಜಾಗ ಗುರುತಿಸಿ, ಲೇನ್ ಸಂಖ್ಯೆ ಬರೆದುಕೊಳ್ಳುವುದಷ್ಟೇ ಅವರ ಕೆಲಸ. ತೀರ್ಮಾನ ರೆಫರಿಯದ್ದು. ಅಂತರರಾಷ್ಟ್ರೀಯ ಕೂಟದಲ್ಲೂ ಅಂಪೈರ್ ವರದಿ ಕೊಡುತ್ತಾರೆ, ತೀರ್ಪು ಕೊಡುವುದಿಲ್ಲ. ತಮ್ಮದೇ ತರಗತಿಯವರು ಓಡುವಾಗ ಆ ತರಗತಿಯವರನ್ನು ತಿರುವಿನಲ್ಲಿ ನಿಲ್ಲಿಸದಿದ್ದರೆ ಇನ್ನೂ ಒಳ್ಳೆಯದು.

ನಾಲ್ಕನೆಯದಾಗಿ, ಯಾರನ್ನಾದರೂ ಅನರ್ಹಗೊಳಿಸಿದರೆ ಯಾವ ನಿಯಮದಡಿ ಎಂದು ಫಲಿತಾಂಶದ ಹಾಳೆಯಲ್ಲಿ ಬರೆದು ಸೂಚನಾ ಫಲಕಕ್ಕೆ ಹಾಕಬೇಕು. ದೊಡ್ಡ ಕೂಟಗಳಲ್ಲಿ ಹೀಗೆಯೇ ಮಾಡುತ್ತಾರೆ. ಫಲಿತಾಂಶ ಪ್ರಕಟಿಸಿದ 30 ನಿಮಿಷದೊಳಗೆ ದೂರು ಕೊಡಲು ಅಲ್ಲಿ ಅವಕಾಶವಿದೆ. ನಮ್ಮಲ್ಲೂ ಅಷ್ಟು ಹೊತ್ತು ಕಾದು ಆಮೇಲೆ ಪದಕ ಕೊಡೋಣ. ದೂರು ಓಟಗಾರರೇ ಸಮಾಧಾನದಿಂದ ಹೇಳಲಿ, ಜೋರು ಮಾತಿಗೆ ಬೆಲೆ ಬೇಡ. ಕೊನೆಯದಾಗಿ, ಕೂಟದ ಹಿಂದಿನ ದಿನ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಐದು ನಿಮಿಷ ಈ ನಿಯಮಗಳನ್ನು ಓದಿ ಹೇಳಬೇಕು. ಗೊತ್ತಿಲ್ಲದ ನಿಯಮಕ್ಕೆ ಯಾರನ್ನೂ ಶಿಕ್ಷಿಸಬಾರದು.

ಓಡುವ ಗೆಳೆಯ ಗೆಳತಿಯರಿಗೂ ಒಂದು ಮಾತು. ಹಳದಿ ಬಾವುಟ ನಿಮ್ಮ ಲೇನಿನ ಎದುರೇ ಎತ್ತಿದಾಗ ಬಾವುಟ ಹಿಡಿದವರ ಮೇಲೆ ಸಿಟ್ಟು ಮಾಡಬೇಡಿ. ಮರುದಿನ ಕ್ಯಾಂಟೀನಿನಲ್ಲಿ ಅವರನ್ನು ಛೇಡಿಸಬೇಡಿ. ಪಕ್ಕದ ಲೇನಿನವರ ಪರವಾಗಿ ಎತ್ತಿದ ಆ ಬಾವುಟ ಇನ್ನೊಂದು ಓಟದಲ್ಲಿ ನಿಮ್ಮ ಪರವಾಗಿ ಏಳಬಹುದು.

ತಿರುವಿನಲ್ಲಿ ನಿಲ್ಲುವ ಕೆಲಸಕ್ಕೆ ಮೊದಲ ಹೆಸರು ನನ್ನದೇ ಬರೆದುಕೊಳ್ಳಿ. ಬಿಸಿಲಿಗೆ ಕೊಡೆ ಹಿಡಿಯಲು ಆಗುವುದಿಲ್ಲ, ಚಪ್ಪಾಳೆ ತಟ್ಟಲೂ ಪುರುಸೊತ್ತು ಇರುವುದಿಲ್ಲ, ಫೋಟೋದಲ್ಲಿಯೂ ಬರುವುದಿಲ್ಲ. ಪರವಾಗಿಲ್ಲ. ಇನ್ನೂ ಏಳು ಜನ ಬೇಕು. ಬರುವವರು ಈ ವಾರದೊಳಗೆ ದೈಹಿಕ ಶಿಕ್ಷಣ ವಿಭಾಗದಲ್ಲಿ ಹೆಸರು ಕೊಡಿ.

– ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ